ಮನೆ ಬದಲಿಸುವ ಮುನ್ನ ಕರೆಂಟು, ನೀರು, ಗ್ಯಾಸಿನ ಲೆಕ್ಕ: ವಿಜಯನಗರದ ಮನೆಯೋ, ವೈಟ್‌ಫೀಲ್ಡ್ ಫ್ಲ್ಯಾಟೋ?

ಹುಬ್ಬಳ್ಳಿ_ಬಾಡಿಗೆದಾರ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರ್ತಾ ಇದ್ದೀವಿ. ನಾಲ್ಕು ಜನ: ಇಬ್ಬರು ದೊಡ್ಡವರು, ಒಬ್ಬರು ಹಿರಿಯರು, ಒಂದು ಮಗು. ಎರಡು ಮನೆ ಆರಿಸಿಟ್ಟಿದ್ದೇವೆ.

ಮೊದಲನೆಯದು ವಿಜಯನಗರದಲ್ಲಿ, ಒಂದನೇ ಮಹಡಿ, ಎರಡು ಕೋಣೆ. ಕಾವೇರಿ ನೀರು, ಛಾವಣಿ ಮೇಲೆ ನೀರು ಕಾಯಿಸುವ ಸೋಲಾರ್ ಇದೆ, ಮಂಜೂರಾದ ಲೋಡ್ (ಮೀಟರಿಗೆ ಬೆಸ್ಕಾಂ ಒಪ್ಪಿದ ವಿದ್ಯುತ್ ಮಿತಿ) 3 ಕಿಲೋವ್ಯಾಟ್. "ಕರೆಂಟ್ ಬಿಲ್ ಸೊನ್ನೆ ಬರುತ್ತೆ" ಅನ್ನುವುದು ಮಾಲೀಕರ ಮಾತು. ಎರಡನೆಯದು ವೈಟ್‌ಫೀಲ್ಡ್ ಕಡೆ 1,250 ಚದರಡಿಯ ಫ್ಲ್ಯಾಟ್. 5 ಕಿಲೋವ್ಯಾಟ್, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು, ಪೈಪ್ ಗ್ಯಾಸ್, ಜನರೇಟರ್. ಮೇಂಟೆನೆನ್ಸ್ ಬೇರೆ.

ಬಾಡಿಗೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಮೇಲಿನ ಖರ್ಚು ತಿಂಗಳಿಗೆ ಎಷ್ಟಾದೀತು ಅಂತ ಮುಂಗಡ ಕೊಡೋಕೆ ಮುಂಚೆಯೇ ಅಂದಾಜು ಮಾಡೋದು ಹೇಗೆ? ಬಾಡಿಗೆಯ ಶೇ. 10 ಅಂತ ಹಿಡ್ಕೊಂಡ್ರೆ ಸಾಕು ಅಂತಾರೆ ಕೆಲವರು.

ಲೆಕ್ಕದಪುಸ್ತಕ

ಶೇ. 10ರ ಸೂತ್ರ ಬಿಟ್ಟುಬಿಡಿ. ಬಾಡಿಗೆ ಏರುವುದು ಬಡಾವಣೆ ನೋಡಿಕೊಂಡು, ಗೀಸರ್ ಕರೆಂಟ್ ತಿನ್ನುವುದು ಮನೆಯಲ್ಲಿರುವ ತಲೆ ನೋಡಿಕೊಂಡು. ಎರಡಕ್ಕೂ ಸಂಬಂಧ ಇಲ್ಲ.

ಮಾಲೀಕರನ್ನು ಕೇಳುವಾಗ ರೂಪಾಯಿ ಕೇಳಬೇಡಿ, ಯೂನಿಟ್ ಕೇಳಿ. "ಸೊನ್ನೆ ಬಿಲ್" ಅಂದರೆ ಅಲ್ಲಿ ಈಗಿರುವವರಿಗೆ ಗೃಹಜ್ಯೋತಿ ಇದೆ ಅಂತ ಅರ್ಥ, ಅಷ್ಟೇ. ಆ ಸೊನ್ನೆ ಬಿಲ್ಲಿನಲ್ಲೂ ಬಳಸಿದ ಯೂನಿಟ್, ಮಂಜೂರಾದ ಲೋಡ್, ಹಿಂಬಾಕಿ ಎಲ್ಲ ಅಚ್ಚಾಗಿರುತ್ತದೆ. ಏಪ್ರಿಲ್, ಆಗಸ್ಟ್, ಡಿಸೆಂಬರ್ ಮೂರು ತಿಂಗಳ ಬಿಲ್ಲಿನ ಫೋಟೋ ಕಳಿಸಿ ಅನ್ನಿ. ಬೇಸಿಗೆ ಫ್ಯಾನು, ಮಳೆಗಾಲದ ಗೀಸರ್, ಚಳಿಗಾಲದ ಗೀಸರ್ ಮೂರೂ ಅದರಲ್ಲಿ ಸಿಗುತ್ತವೆ. ಹಾಗೇ ಆ ಮನೆಯಲ್ಲಿ ಎಷ್ಟು ಜನ ಇದ್ದರು ಅಂತಲೂ ಕೇಳಿ. ಹಗಲೆಲ್ಲ ಬೀಗ ಹಾಕಿರುವ ಇಬ್ಬರ ಮನೆಯ 90 ಯೂನಿಟ್ ನಿಮ್ಮ ನಾಲ್ವರ ಲೆಕ್ಕಕ್ಕೆ ಬರುವುದಿಲ್ಲ.

ಬಿಲ್ಲಿನ ಮೇಲೆ ದರದ ವರ್ಗವನ್ನೂ ನೋಡಿ. ಕೆಳಗೆ ಅಂಗಡಿ ಇರುವ ಕಟ್ಟಡಗಳಲ್ಲಿ ಕೆಲವೊಮ್ಮೆ ಮೇಲಿನ ಮನೆಯೂ ಎಲ್‌ಟಿ-3, ಅಂದರೆ ವಾಣಿಜ್ಯ ದರದಲ್ಲಿರುತ್ತದೆ. ಸ್ವಾಧೀನಾನುಭವ ಪತ್ರ (ಒಸಿ) ಸಿಗದ ಹೊಸ ಅಪಾರ್ಟ್‌ಮೆಂಟ್‌ಗಳು ಎಲ್‌ಟಿ-7, ತಾತ್ಕಾಲಿಕ ಸಂಪರ್ಕದಲ್ಲೇ ಓಡುತ್ತಿರುತ್ತವೆ. ಎರಡರಲ್ಲೂ ದರ ಜಾಸ್ತಿ, ಗೃಹಜ್ಯೋತಿ ಇಲ್ಲ.

ವೈರ್‌ಮನ್_ಕಟ್ಟೆ

ಹಳೇ ಬಿಲ್ ಸಿಗದಿದ್ದರೆ ನಿಮ್ಮ ಸಾಮಾನಿನ ಮೇಲೇ ಲೆಕ್ಕ ಹಾಕಿ. ಸೂತ್ರ ಒಂದೇ: ವ್ಯಾಟ್ × ದಿನದ ಗಂಟೆ × 30 ÷ 1000. ನಾಲ್ಕು ಜನರ ಸಾಧಾರಣ ಮನೆಗೆ ತಿಂಗಳ ಲೆಕ್ಕ ಹೀಗೆ ಬರುತ್ತೆ:

ಫ್ರಿಜ್: ಬಿಇಇ (ಸ್ಟಾರ್ ಗುರುತಿನ) ಸ್ಟಿಕರ್ ಮೇಲೆ ವರ್ಷದ ಯೂನಿಟ್ ಬರೆದಿರುತ್ತೆ, 12ರಿಂದ ಭಾಗಿಸಿ. 240 ಅಂತಿದ್ದರೆ ತಿಂಗಳಿಗೆ 20.
ಹಳೇ ಮಾದರಿಯ 70 ವ್ಯಾಟ್ ಫ್ಯಾನ್ ಮೂರು, 9 ಗಂಟೆ: 57.
ಗೀಸರ್: 60 (ಲೆಕ್ಕ ಕೆಳಗಿದೆ).
ಟಿವಿ 10, ಲ್ಯಾಪ್‌ಟಾಪ್ 10, ಎಲ್‌ಇಡಿ ದೀಪಗಳು 9, ವೈಫೈ ರೂಟರ್ 7. ರೂಟರ್ ಬರೀ 10 ವ್ಯಾಟ್, ಆದರೆ 24 ಗಂಟೆ ಓಡುತ್ತೆ.
ವಾಷಿಂಗ್ ಮಷಿನ್ ತಣ್ಣೀರಲ್ಲಿ 6, ಮಿಕ್ಸಿ 4, ಇಸ್ತ್ರಿ 4.

ಒಟ್ಟು 187.

ಗೀಸರ್ ಲೆಕ್ಕ: 20 ಲೀಟರ್ ಬಕೆಟ್ ನೀರನ್ನು 24 ಡಿಗ್ರಿಯಿಂದ 42ಕ್ಕೆ ಏರಿಸೋಕೆ ಸುಮಾರು 0.42 ಯೂನಿಟ್ ಬೇಕು. ಟ್ಯಾಂಕಿಂದ ಆರಿಹೋಗುವ ಶಾಖ ಸೇರಿಸಿ ಅರ್ಧ ಯೂನಿಟ್ ಅಂತ ಹಿಡಿಯಿರಿ. ನಾಲ್ಕು ಬಕೆಟ್, 30 ದಿನ: 60. ಷವರ್ ಸ್ನಾನಕ್ಕೆ ಇದರ ಎರಡು ಮೂರು ಪಟ್ಟು. 2 ಕಿಲೋವ್ಯಾಟ್ ಗೀಸರ್ ಬದಲು 3 ಕಿಲೋವ್ಯಾಟಿನದು ಹಾಕಿದರೆ ಯೂನಿಟ್ ಏರಲ್ಲ, ನೀರು ಬೇಗ ಕಾಯುತ್ತೆ ಅಷ್ಟೇ. ಯೂನಿಟ್ ಏರೋದು ಸ್ವಿಚ್ ಆನ್ ಮಾಡಿ ಮರೆತಾಗ, ಅಥವಾ ಬೋರ್ ನೀರಿನ ಸುಣ್ಣ ಕಾಯಿಲ್ ಮೇಲೆ ಕಟ್ಟಿದಾಗ.

ಎಸಿ ಇದ್ದರೆ ಸ್ಟಿಕರ್ ಮೇಲಿನ ಯೂನಿಟ್ಟನ್ನು ಹಾಗೇ ನಂಬಬೇಡಿ. ಅದು ವರ್ಷಕ್ಕೆ 1,600 ಗಂಟೆಯ ಲೆಕ್ಕ. 1,600ರಿಂದ ಭಾಗಿಸಿ, ನಿಮ್ಮ ಗಂಟೆಗಳಿಂದ ಗುಣಿಸಿ.

ಲೆಕ್ಕದಪುಸ್ತಕ

ಮೇಲಿನ 187ಕ್ಕೇ ದರ ಹಾಕೋಣ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಆದೇಶದಂತೆ 2025-26ಕ್ಕೆ ಗೃಹಬಳಕೆಗೆ ಯೂನಿಟ್‌ಗೆ 5.80 ರೂ. ಇತ್ತು, ಬಳಕೆ ಏರಿದಂತೆ ದರ ಏರುವ ಸ್ಲ್ಯಾಬ್ ಇಲ್ಲ. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145. ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ. ವಿದ್ಯುತ್ ಶುಲ್ಕದ ಮೇಲೆ ಶೇ. 9 ತೆರಿಗೆ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅದನ್ನು ಇಲ್ಲಿ ಸೇರಿಸಿಲ್ಲ. ದರ ಪ್ರತಿ ಏಪ್ರಿಲ್‌ನಲ್ಲಿ ಬದಲಾಗಬಹುದು, ಕೈಯಲ್ಲಿರುವ ಬಿಲ್ಲಿನ ಅಂಕಿ ಹಾಕಿ ತಿದ್ದಿಕೊಳ್ಳಿ.

ವಿಜಯನಗರ, 3 ಕಿಲೋವ್ಯಾಟ್: ಯೂನಿಟ್ ಹಣ 1,085 + ತೆರಿಗೆ 98 + ಪಿಂಚಣಿ ಬಾಬ್ತು 67 + ನಿಗದಿತ ಶುಲ್ಕ 435 = ಸುಮಾರು 1,685.
ವೈಟ್‌ಫೀಲ್ಡ್, 5 ಕಿಲೋವ್ಯಾಟ್: ಅದೇ ಯೂನಿಟ್, ನಿಗದಿತ ಶುಲ್ಕ 725. ಸುಮಾರು 1,975.

ಆ 290 ರೂಪಾಯಿ ವ್ಯತ್ಯಾಸ ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಬರುತ್ತದೆ. ಬಾಡಿಗೆದಾರರು ಕೇಳದೇ ಬಿಡುವ ಪ್ರಶ್ನೆ ಇದೇ: "ಲೋಡ್ ಎಷ್ಟು ಕಿಲೋವ್ಯಾಟ್?"

ಇನ್ನು ಗೃಹಜ್ಯೋತಿ. 200 ಯೂನಿಟ್ ತನಕ ಎಲ್ಲರಿಗೂ ಉಚಿತ ಅನ್ನುವುದು ತಪ್ಪು ತಿಳಿವಳಿಕೆ. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಅಷ್ಟಕ್ಕೆ ಮಾತ್ರ ಅರ್ಹತೆ. ಸರಾಸರಿ ತೀರಾ ಕಡಿಮೆ ಇದ್ದವರಿಗೆ ಆಮೇಲೆ ಶೇ. 10ರ ಬದಲು 10 ಯೂನಿಟ್ ಮಾಡಿದರು. ಹಳೆಯ ಲೆಕ್ಕವೇ ಇಲ್ಲದ ಮನೆಗೆ 53ರ ಮೇಲೆ ಶೇ. 10, ಅಂದರೆ 58 ಯೂನಿಟ್. ಅರ್ಹತೆ ದಾಟಿ 200ರೊಳಗೆ ಇದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ.

58ರ ಅರ್ಹತೆ ಹಿಡಿದರೆ 187 ಯೂನಿಟ್‌ಗೆ 129 ಯೂನಿಟ್‌ನ ಹಣ, ಸುಮಾರು 860. ಏಪ್ರಿಲ್‌ನಲ್ಲಿ ಅದೇ ಮೂರು ಫ್ಯಾನ್ 14 ಗಂಟೆ ತಿರುಗಿದರೆ 57 ಇದ್ದದ್ದು 88 ಆಗಿ ಒಟ್ಟು 218. ಆಗ ಬಿಲ್ಲು ಸುಮಾರು 1,890. ಯೂನಿಟ್ 31 ಏರಿತು, ಹಣ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ನಾಲ್ಕು ಜನರ ಮನೆಗಳು ಬೇಸಿಗೆಯಲ್ಲಿ ಎಡವುವುದು ಇಲ್ಲೇ.

ವೈರ್‌ಮನ್_ಕಟ್ಟೆ

ಅದಕ್ಕೇ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಇದ್ದರೆ ಹುಬ್ಬಳ್ಳಿಯಿಂದ ಬಿಚ್ಚಿ ತನ್ನಿ. 30 ವ್ಯಾಟಿನ ಮೂರು ಫ್ಯಾನ್ 14 ಗಂಟೆ ತಿರುಗಿದರೂ 38 ಯೂನಿಟ್. ಒಟ್ಟು 168, ಗಡಿಯೊಳಗೇ ನಿಂತಿತು.

ಹುಬ್ಬಳ್ಳಿ_ಬಾಡಿಗೆದಾರ

ಹುಬ್ಬಳ್ಳಿ ಮನೆಯಲ್ಲಿ ಗೃಹಜ್ಯೋತಿ ನಮ್ಮ ಆಧಾರ್ ಮೇಲೆ ಇದೆ. ಅದನ್ನೇ ಇಲ್ಲಿಗೆ ತರಬಹುದಾ? ಅಲ್ಲಿ ಹೆಸ್ಕಾಂ, ಇಲ್ಲಿ ಬೆಸ್ಕಾಂ.

ಲೆಕ್ಕದಪುಸ್ತಕ

ಕಂಪನಿ ಬೇರೆ ಆದರೂ ಯೋಜನೆ ಒಂದೇ, ಸೇವಾ ಸಿಂಧು ಜಾಲತಾಣವೂ ಒಂದೇ. ಒಂದು ಆಧಾರ್‌ಗೆ ಒಂದೇ ಮೀಟರ್. ಮೊದಲು ಹಳೇ ಮನೆಯ ಖಾತೆಯಿಂದ ಆಧಾರ್ ಬಿಡಿಸಿ. 2024ರಿಂದ ಆ ಸೌಲಭ್ಯ ಕೊಟ್ಟಿದ್ದಾರೆ. ಆಮೇಲೆ ಹೊಸ ಮನೆಯ ಬಿಲ್ಲಿನ ಮೇಲಿರುವ 10 ಅಂಕಿಯ ಖಾತೆ ಸಂಖ್ಯೆಗೆ ನೋಂದಾಯಿಸಿ. ಸಾಮಾನ್ಯವಾಗಿ ಕೈ ಕೊಡುವುದು ಇನ್ನೊಂದು ಕಡೆ: ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಬಿಡಿಸದೇ ಹೋಗಿರುತ್ತಾರೆ, ಅಥವಾ ಮಾಲೀಕರೇ ತಮ್ಮ ಹೆಸರಲ್ಲಿ ಮಾಡಿಟ್ಟಿರುತ್ತಾರೆ. ಆಗ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ. ಮುಂಗಡ ಕೊಡುವ ಮುನ್ನವೇ ಇದನ್ನು ಬಾಯಿಬಿಟ್ಟು ಕೇಳಿ. ಮೊದಲ ಒಂದೆರಡು ಬಿಲ್ಲು ಪೂರ್ತಿ ಕಟ್ಟಬೇಕಾದೀತು ಅಂತಲೇ ಬಜೆಟ್ ಇಟ್ಟುಕೊಳ್ಳಿ.

ಸಂಪ್_ಟು_ಟ್ಯಾಂಕ್

ಕರೆಂಟಿನ ಮಾತು ಇಷ್ಟಾಯ್ತು. ಬೆಂಗಳೂರಲ್ಲಿ ಬಜೆಟ್ ಬುಡಮೇಲು ಮಾಡೋದು ನೀರು.

ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ನಗರ ನೀರು ಸರಬರಾಜಿನ ಮಾನದಂಡ. ನಾಲ್ವರಿಗೆ ತಿಂಗಳಿಗೆ 16,200 ಲೀಟರ್. ಪೂರ್ತಿ ಕಾವೇರಿ ನೀರೇ ಆದರೆ ಜಲಮಂಡಳಿ ಬಿಲ್ಲು ಕೆಲವು ನೂರರಲ್ಲಿ ಮುಗಿಯುತ್ತೆ. 2014ರ ನಂತರ 2025ರ ಏಪ್ರಿಲ್‌ನಲ್ಲಿ ದರ ಏರಿಸಿದ್ದಾರೆ, ಆದರೂ ಟ್ಯಾಂಕರ್ ಮುಂದೆ ಅದು ಏನೂ ಅಲ್ಲ. 2024ರ ಮಾರ್ಚ್‌ನ ಬರಗಾಲದಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ಕಟ್ಟಿಹಾಕಿತ್ತು: 12,000 ಲೀಟರ್‌ಗೆ 5 ಕಿಲೋಮೀಟರ್ ಒಳಗೆ 1,000 ರೂ., 10 ಕಿಲೋಮೀಟರ್ ತನಕ 1,200, ಜಿಎಸ್‌ಟಿ ಬೇರೆ. ಆ ಕಟ್ಟಿದ ದರದಲ್ಲೇ 16,200 ಲೀಟರ್‌ಗೆ 1,350ರಿಂದ 1,620 ಆಗುತ್ತೆ. ಬೇಸಿಗೆಯ ಮಾರುಕಟ್ಟೆ ದರ ಕೇಳಬೇಡಿ.

ಹಾಗಾಗಿ ಎರಡೂ ಮನೆಗೆ ಒಂದೇ ಪ್ರಶ್ನೆ: "ಮಾರ್ಚ್, ಏಪ್ರಿಲ್‌ನಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ತರಿಸಿದಿರಿ, ಹಣ ಯಾರು ಕೊಟ್ಟರು?" ಮಾಲೀಕರ ಉತ್ತರವನ್ನು ಕೆಳಮನೆಯವರ ಬಾಯಲ್ಲಿ ಇನ್ನೊಮ್ಮೆ ಕೇಳಿ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯ್ತು, 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಅಂತ. ಬೀದಿಯಲ್ಲಿ ಪೈಪ್ ಇದೆ ಅಂದ ಮಾತ್ರಕ್ಕೆ ಆ ಅಪಾರ್ಟ್‌ಮೆಂಟ್ ಸಂಪರ್ಕ ತಗೊಂಡಿದೆ ಅಂತಲ್ಲ. ಅದಕ್ಕೂ ಬಿಲ್ಲು ತೋರಿಸಿ ಅನ್ನಿ.

ಜಲಮಂಡಳಿ ಬಿಲ್ಲಿನಲ್ಲಿ ಇನ್ನೊಂದು ಸಾಲು ಹುಡುಕಿ: ಮಳೆನೀರು ಕೊಯ್ಲು ದಂಡ. ಮಾಲೀಕರು ವ್ಯವಸ್ಥೆ ಮಾಡಿಸದಿದ್ದರೆ ಅದು ಪ್ರತಿ ತಿಂಗಳೂ ಬಿಲ್ಲಿನ ಜೊತೆ ಬರುತ್ತೆ. ಬಾಡಿಗೆದಾರರ ತಲೆಗೆ ಹಂಚಬೇಕಾದ ಹಣ ಅಲ್ಲ ಅದು.

ವಿಜಯನಗರದ ಕಡೆ ಒಂದೇ ನೀರಿನ ಮೀಟರಿಗೆ ಮೂರು ನಾಲ್ಕು ಮನೆ ಇರೋದು ಮಾಮೂಲು. ತಲೆಗೆ ಹಂಚುತ್ತಾರೋ, ಮನೆಗೆ ಹಂಚುತ್ತಾರೋ ಮೊದಲೇ ಬರೆಸಿಕೊಳ್ಳಿ. ಜಗಳ ಹುಟ್ಟೋದು ಅಲ್ಲೇ.

ಟಿಡಿಎಸ್_ಪೆನ್ನು

ಮನೆ ನೋಡೋಕೆ ಹೋದಾಗ ನಲ್ಲಿ ನೀರಿಗೆ ಟಿಡಿಎಸ್ ಮೀಟರ್ ಅದ್ದಿ ನೋಡಿ. 500ಕ್ಕಿಂತ ಮೇಲಿದ್ದರೆ ಗಡಸು ನೀರು, ಆರ್‌ಒ ಖರ್ಚು ಸೇರಿಸ್ಕೊಳ್ಳಿ.

ಸಂಪ್_ಟು_ಟ್ಯಾಂಕ್

ಟಿಡಿಎಸ್ ಪೆನ್ನು ಗಡಸುತನ ಅಳೆಯಲ್ಲ. ಕರಗಿದ ಲವಣ ಒಟ್ಟು ಎಷ್ಟು ಅಂತ ಮಾತ್ರ ಹೇಳುತ್ತೆ. ಗೀಸರ್ ಹಾಳುಮಾಡೋದು ಅದರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದಕ್ಕೆ ಪೆನ್ನು ಬೇಡ. ಅಡುಗೆಮನೆ ನಲ್ಲಿಯ ತುದಿಯ ಜಾಲರಿಯನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಒಳಗೆ ಬಿಳೀ ಚಕ್ಕೆ ಗಟ್ಟಿಯಾಗಿ ಅಂಟಿದ್ದರೆ ಗಡಸು ನೀರು. ಕಂದು ಪುಡಿ ಇದ್ದರೆ ಹಳೇ ಕಬ್ಬಿಣದ ಪೈಪು. ಮರಳು ಬಂದರೆ ಬೋರ್‌ವೆಲ್ ತಳ ಹಿಡಿದಿದೆ, ಬೇಸಿಗೆಯಲ್ಲಿ ಟ್ಯಾಂಕರ್ ಗ್ಯಾರಂಟಿ.

ಆರ್‌ಒ ಖರ್ಚಿಗೆ ಫಿಲ್ಟರ್ ಮತ್ತು ಮೆಂಬ್ರೇನ್ ಬದಲಿಸುವ ಹಣದ ಜೊತೆ ಚೆಲ್ಲುವ ನೀರೂ ಸೇರಿಸಿ. ಒಂದು ಲೀಟರ್ ಕುಡಿಯೋಕೆ ಎರಡು ಮೂರು ಲೀಟರ್ ಆಚೆ ಹೋಗುತ್ತೆ. ಕಾವೇರಿ ನೀರಿನ ಮನೆಗೆ ಆರ್‌ಒ ಬೇಕಿಲ್ಲ, ಯುವಿ ಫಿಲ್ಟರ್ ಸಾಕು.

ವೈರ್‌ಮನ್_ಕಟ್ಟೆ

ಮೀಟರ್ ಪರೀಕ್ಷೆ ಬಗ್ಗೆ ಯಾರೂ ಹೇಳಲಿಲ್ಲ. ಮುಂಗಡ ಕೊಡೋಕೆ ಮುಂಚೆ ಹತ್ತು ನಿಮಿಷದ ಕೆಲಸ.

ಮೀಟರ್ ಮುಖದಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತೆ, ಪಕ್ಕದಲ್ಲಿ ಯೂನಿಟ್‌ಗೆ ಎಷ್ಟು ಮಿನುಗು ಅಂತ ಬರೆದಿರುತ್ತೆ. 3200 ತುಂಬಾ ಕಡೆ ಕಾಣುವ ಅಂಕಿ. ಮನೆಯೊಳಗಿನ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ ಪ್ಲಗ್ ಕಿತ್ತು, ಮೀಟರ್ ಮುಂದೆ ನಿಂತು ಒಂದು ನಿಮಿಷ ನೋಡಿ. ಮಿನುಗಲೇಬಾರದು. ಮಿನುಗಿದರೆ ಏನೋ ಒಂದು ನಿಮ್ಮ ಮೀಟರ್ ಮೇಲೆ ಓಡ್ತಾ ಇದೆ: ಮೆಟ್ಟಿಲಿನ ದೀಪ, ಸಿಸಿಟಿವಿ, ಅಥವಾ ಸಂಪಿನ ಮೋಟಾರ್.

ಎಷ್ಟು ಓಡ್ತಿದೆ ಅಂತಲೂ ಗೊತ್ತಾಗುತ್ತೆ. 3200ರ ಮೀಟರಿನಲ್ಲಿ ನಿಮಿಷಕ್ಕೆ ಎಷ್ಟು ಮಿನುಗಿತೋ ಅದನ್ನು 18.75ರಿಂದ ಗುಣಿಸಿದರೆ ವ್ಯಾಟ್. 6 ಸಲ ಮಿನುಗಿದರೆ ಸುಮಾರು 110 ವ್ಯಾಟ್. ಅದು ಇಡೀ ತಿಂಗಳು ಓಡಿದರೆ 80 ಯೂನಿಟ್.

ಈಗ ಮಾಲೀಕರಿಗೆ ಹೇಳಿ ಮೋಟಾರ್ ಹಾಕಿಸಿ. 1 ಎಚ್‌ಪಿ ಮೋಟಾರ್ ಸುಮಾರು 1 ಕಿಲೋವ್ಯಾಟ್ ಎಳೆಯುತ್ತೆ, ನಿಮಿಷಕ್ಕೆ 50ಕ್ಕೂ ಜಾಸ್ತಿ ಮಿನುಗು. ದೀಪ ಪಟಪಟ ಹೊಡೆದುಕೊಂಡರೆ ಮೂರು ಮನೆಯ ನೀರು ನಿಮ್ಮ ಬಿಲ್ಲಿನಲ್ಲಿ ಮೇಲೇರ್ತಾ ಇದೆ ಅಂತ ಅರ್ಥ. ಮೋಟಾರಿಗೆ ಪ್ರತ್ಯೇಕ ಮೀಟರ್ ಇರಬೇಕು, ಅದರ ಬಿಲ್ಲು ಹಂಚಬೇಕು. ದಿನಕ್ಕೆ ಒಂದು ಗಂಟೆ ಓಡಿದರೂ 30 ಯೂನಿಟ್. 200ರ ಗಡಿ ದಾಟಿಸೋಕೆ ಅಷ್ಟು ಸಾಕು.

ಬೆಸ್ಕಾಂ ಮೀಟರ್ ಒಂದೇ ಇದ್ದು ಒಳಗೆ ಸಬ್‌ಮೀಟರ್ ಹಾಕಿ ಯೂನಿಟ್‌ಗೆ 8, 10 ಅಂತ ವಸೂಲಿ ಮಾಡುವ ಕಟ್ಟಡಗಳೂ ಇವೆ. ಅಲ್ಲಿ ಗೃಹಜ್ಯೋತಿ ಮರೆತುಬಿಡಿ.

ಸೊಸೈಟಿ_ಖಜಾಂಚಿ

ವೈಟ್‌ಫೀಲ್ಡ್ ಫ್ಲ್ಯಾಟಿನ ಲೆಕ್ಕಕ್ಕೆ ಬರೋಣ. ಮೇಂಟೆನೆನ್ಸ್ ಹಾಕುವುದು ಸೂಪರ್ ಬಿಲ್ಟ್‌ಅಪ್ ಅಳತೆಗೆ (ಮೆಟ್ಟಿಲು, ಲಿಫ್ಟಿನಂಥ ಸಾಮಾನ್ಯ ಜಾಗದ ಪಾಲೂ ಸೇರಿದ್ದು), ನೀವು ಓಡಾಡುವ ನೆಲಕ್ಕಲ್ಲ. ಚದರಡಿಗೆ 4 ರೂ. ಅಂದರೆ 1,250ಕ್ಕೆ 5,000. ಅದು 7,500 ದಾಟಿದರೆ, ಮತ್ತು ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿದ್ದರೆ, ಶೇ. 18 ಜಿಎಸ್‌ಟಿಯೂ ಬೀಳುತ್ತದೆ. ನಿಮ್ಮದು ಅದರ ಕೆಳಗಿದೆ.

ಆ 5,000ದಲ್ಲಿ ಏನೇನು ಸೇರಿದೆ ಅನ್ನುವುದೇ ಮುಖ್ಯ. ನೀರು ಒಳಗೋ ಹೊರಗೋ? ಕೆಲವು ಸಂಘಗಳು ಫ್ಲ್ಯಾಟ್‌ಗೊಂದು ನೀರಿನ ಮೀಟರ್ ಹಾಕಿ ಸಾವಿರ ಲೀಟರ್ ಲೆಕ್ಕದಲ್ಲಿ ವಸೂಲಿ ಮಾಡುತ್ತವೆ, ಕೆಲವು ಬೇಸಿಗೆಯಲ್ಲಿ ಮಾತ್ರ ಟ್ಯಾಂಕರ್ ಬಾಬ್ತು ಅಂತ ಹೆಚ್ಚುವರಿ ಹಾಕುತ್ತವೆ. ಕಳೆದ ಬೇಸಿಗೆಯ ಮೂರು ತಿಂಗಳ ಮೇಂಟೆನೆನ್ಸ್ ಬಿಲ್ಲು ನೋಡಿದರೆ ಎಲ್ಲ ಬಯಲಾಗುತ್ತದೆ. ಸಿಂಕಿಂಗ್ ಫಂಡ್ (ದೊಡ್ಡ ರಿಪೇರಿಗೆ ಕೂಡಿಡುವ ನಿಧಿ), ಪೇಂಟಿಂಗ್ ವಂತಿಗೆ ಮಾಲೀಕರದ್ದು. ಕರಾರಿನಲ್ಲಿ ಬರೆಸಿ.

ಜನರೇಟರ್: ಒಂದು ಲೀಟರ್ ಡೀಸೆಲ್‌ಗೆ 3ರಿಂದ 3.5 ಯೂನಿಟ್ ಬರುತ್ತದೆ. ಲೀಟರ್‌ಗೆ 90 ರೂ. ಹಿಡಿದರೆ ಇಂಧನದ ಖರ್ಚೇ ಯೂನಿಟ್‌ಗೆ 26ರಿಂದ 30. ಕರೆಂಟ್ ತಿಂಗಳಿಗೆ 20 ಗಂಟೆ ಹೋದರೂ, ಆಗ ಫ್ರಿಜ್, ಫ್ಯಾನ್, ದೀಪ ಮಾತ್ರ ಓಡಿಸಿದರೆ 8 ಯೂನಿಟ್, 250 ರೂಪಾಯಿಯೊಳಗೆ. ಆದರೆ ಗೀಸರ್ ಕೂಡ ಜನರೇಟರ್ ಲೈನಿಗೆ ಸೇರಿದ್ದು ಕರೆಂಟ್ ಬೆಳಗ್ಗೆ ಹೋದರೆ ಒಂದೇ ಸ್ನಾನಕ್ಕೆ 15 ರೂಪಾಯಿ. ಪ್ರೀಪೇಯ್ಡ್ ಮೀಟರ್ ಇದ್ದರೆ ಪರದೆ ಮೇಲೆ ಗ್ರಿಡ್ (ಬೆಸ್ಕಾಂ) ಯೂನಿಟ್, ಡಿಜಿ (ಜನರೇಟರ್) ಯೂನಿಟ್ ಬೇರೆಬೇರೆ ತೋರಿಸುತ್ತದೆ. ಪ್ರವೇಶದ ದಿನ ಎರಡರ ಫೋಟೋನೂ ತೆಗೆದಿಡಿ.

ಕಸದ ಶುಲ್ಕವೂ ಒಂದಿದೆ. 2025ರ ಏಪ್ರಿಲ್‌ನಿಂದ ಕಟ್ಟಡದ ಅಳತೆಗೆ ತಕ್ಕಂತೆ ಆಸ್ತಿ ತೆರಿಗೆ ಜೊತೆ ವಸೂಲಿ. 1,001ರಿಂದ 2,000 ಚದರಡಿಗೆ ತಿಂಗಳಿಗೆ 100. ಕೆಲವು ಮಾಲೀಕರು ಬಾಡಿಗೆದಾರರಿಗೆ ದಾಟಿಸುತ್ತಾರೆ.

ನೀಲಿಜ್ವಾಲೆ

ಗ್ಯಾಸ್: ನಾಲ್ಕು ಜನರಿಗೆ 14.2 ಕೆಜಿ ಸಿಲಿಂಡರ್ 35ರಿಂದ 45 ದಿನ ಬರುತ್ತೆ. 2025ರ ಏಪ್ರಿಲ್ ಏರಿಕೆ ನಂತರ ಬೆಂಗಳೂರಲ್ಲಿ 855.50 ಇತ್ತು, ಬುಕ್ ಮಾಡುವ ದಿನದ ದರ ನೋಡ್ಕೊಳ್ಳಿ. ಪೈಪ್ ಗ್ಯಾಸ್‌ಗೆ ಹೋಲಿಸಬೇಕಾದರೆ ಒಂದು ಸಿಲಿಂಡರಿನ ಶಾಖ ಸುಮಾರು 18 ಘನ ಮೀಟರ್‌ಗೆ ಸಮ. ಫ್ಲ್ಯಾಟಿನವರ ಗ್ಯಾಸ್ ಬಿಲ್ಲಿನಲ್ಲಿರುವ ಘನ ಮೀಟರ್ ದರವನ್ನು 18ರಿಂದ ಗುಣಿಸಿ ಸಿಲಿಂಡರ್ ಬೆಲೆ ಪಕ್ಕ ಇಟ್ಟು ನೋಡಿ. ನಿಮ್ಮ ಒಲೆಯ ಜೆಟ್ ಬದಲಿಸಬೇಕಾಗುತ್ತೆ, ಎಲ್‌ಪಿಜಿ ಜೆಟ್ಟಿನ ತೂತು ಸಣ್ಣದು.

ಊರು ಬದಲಾಗ್ತಿರೋದರಿಂದ ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಹುಬ್ಬಳ್ಳಿ ಏಜೆನ್ಸಿಗೆ ಒಪ್ಪಿಸಿ ಟರ್ಮಿನೇಷನ್ ವೋಚರ್ (ಸಂಪರ್ಕ ಮುಗಿಸಿದ ಚೀಟಿ) ತಗೊಳ್ಳಿ. ಠೇವಣಿ ವಾಪಸ್ ಬರುತ್ತೆ. ಬೆಂಗಳೂರಲ್ಲಿ ಸಂಪರ್ಕ ಪಡೆಯುವಾಗ ಠೇವಣಿ ಕಟ್ಟೋದು ಈಗಿನ ದರದಲ್ಲಿ, ಹಳೇ ದರದಲ್ಲಲ್ಲ. ಆ ವ್ಯತ್ಯಾಸವನ್ನು ಮೊದಲ ತಿಂಗಳ ಖರ್ಚಿಗೆ ಬರೆದುಕೊಳ್ಳಿ. ಒಲೆ, ಪೈಪು ನಿಮ್ಮದೇ.

ಹುಬ್ಬಳ್ಳಿ_ಬಾಡಿಗೆದಾರ

ಮಸ್ತ್ ಮಾಹಿತಿ. ವಿಜಯನಗರದ ಸೋಲಾರ್‌ಗೆ ಎಷ್ಟು ಯೂನಿಟ್ ಕಳೀಬಹುದು? 60 ಪೂರ್ತಿ ತೆಗೆದುಬಿಡಲಾ?

ವೈರ್‌ಮನ್_ಕಟ್ಟೆ

ಪೂರ್ತಿ ತೆಗೀಬೇಡಿ. ಮೊದಲು ಟ್ಯಾಂಕ್ ಎಷ್ಟು ಲೀಟರ್, ಎಷ್ಟು ಮನೆಗೆ ಅಂತ ನೋಡಿ. 200 ಲೀಟರ್ ನಾಲ್ಕು ಮನೆಗೆ ಅಂದರೆ ನಿಮಗೆ 50 ಲೀಟರ್, ಅದೂ ಬೆಳಗ್ಗೆ ಬೇಗ ಎದ್ದವರ ಪಾಲು. ಜೂನ್‌ನಿಂದ ಆಗಸ್ಟ್ ಮೋಡದಲ್ಲಿ ನೀರು ಉಗುರು ಬೆಚ್ಚಗಷ್ಟೇ. ಮೂರನೇ ಮಹಡಿಯ ಛಾವಣಿಯಿಂದ ಒಂದನೇ ಮಹಡಿಗೆ ಪೈಪು ಸುತ್ತಿಕೊಂಡು 20 ಮೀಟರ್ ಆಗೇ ಆಗುತ್ತೆ. ಮುಕ್ಕಾಲಿಂಚಿನ ಪೈಪಿನಲ್ಲಿ ಬಿಸಿನೀರು ಬರುವ ಮುಂಚೆ 6 ಲೀಟರ್ ತಣ್ಣೀರು ಹೋಗುತ್ತೆ. ವರ್ಷದ ಲೆಕ್ಕಕ್ಕೆ ಅರ್ಧ ಕಳೆದು 30 ಇಟ್ಕೊಳ್ಳಿ. ಬಚ್ಚಲಲ್ಲಿ ಗೀಸರ್ ಪಾಯಿಂಟ್ ಇದೆಯಾ, 16 ಆಂಪಿಯರ್ ಸಾಕೆಟ್ಟಾ ಅಂತಲೂ ನೋಡಿ.

ಕರಾವಳಿ_ಸೆಖೆ

ಇದೇ ಲೆಕ್ಕ ಮಂಗಳೂರಿಗೆ ಹಾಕುವವರು ಫ್ಯಾನಿನ ಗಂಟೆ 9ರ ಬದಲು 18 ಮಾಡಿ, ಗೀಸರ್ ಅರ್ಧಕ್ಕಿಳಿಸಿ. ಎಸಿ ಇದ್ದರೆ ಮಾರ್ಚ್‌ನಿಂದ ಮೇ ತನಕ ಗೃಹಜ್ಯೋತಿಯ ಆಸೆ ಬಿಡುವುದೇ ಒಳ್ಳೆಯದು ಮಾರಾಯ್ರೆ.

ಲೆಕ್ಕದಪುಸ್ತಕ

ಬೆಸ್ಕಾಂ ಬಿಲ್ಲಿನ ಬಗ್ಗೆ ಒಂದು ಬಾಕಿ ಉಳಿಯಿತು. ವರ್ಷಕ್ಕೊಮ್ಮೆ "ಹೆಚ್ಚುವರಿ ಭದ್ರತಾ ಠೇವಣಿ" ಅಂತ ಬರುತ್ತದೆ. ಎರಡು ತಿಂಗಳ ಸರಾಸರಿ ಬಳಕೆಗೆ ಠೇವಣಿ ಸಾಲದಿದ್ದರೆ ಕೇಳುವ ಹಣ ಅದು. ಸೇರುವುದು ಮಾಲೀಕರ ಖಾತೆಗೆ, ಬಡ್ಡಿ ಜಮೆ ಆಗುವುದೂ ಅದೇ ಖಾತೆಗೆ. ನೀವು ಕಟ್ಟಿದರೆ ಬಾಡಿಗೆಯಲ್ಲಿ ಕಳೆದುಕೊಳ್ಳುವ ಷರತ್ತು ಕರಾರಿನಲ್ಲಿರಲಿ. ಕೀಲಿ ಕೈಗೆ ಬಂದ ದಿನವೇ ಮೀಟರ್ ಓದಿನ ಫೋಟೋ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡಿ. ಮೊದಲ ಬಿಲ್ಲಿನಲ್ಲಿ ಹಿಂದಿನವರ ದಿನಗಳೂ ಬೆರೆತು ಬರುತ್ತವೆ, ಹಂಚಿಕೊಳ್ಳಲು ಬೇರೆ ದಾಖಲೆ ಇರುವುದಿಲ್ಲ.

ಹುಬ್ಬಳ್ಳಿ_ಬಾಡಿಗೆದಾರ

ನಮ್ಮ ಅಂದಾಜು ಇಷ್ಟಾಯ್ತು, ತಪ್ಪಿದ್ದರೆ ತಿದ್ದಿ. ಇಂಟರ್ನೆಟ್ ಎರಡೂ ಕಡೆ ಒಂದೇ ಅಂತ ಬಿಟ್ಟಿದ್ದೇನೆ.

ವಿಜಯನಗರ: ಸೋಲಾರ್ ಅರ್ಧ ಹಿಡಿದು 157 ಯೂನಿಟ್, ಗೃಹಜ್ಯೋತಿ ಇಲ್ಲದೆ ಸುಮಾರು 1,480. ನೀರು 400, ಗ್ಯಾಸ್ 650. ಒಟ್ಟು 2,530.
ವೈಟ್‌ಫೀಲ್ಡ್: ಕರೆಂಟ್ 1,975, ಡಿಜಿ 250, ಮೇಂಟೆನೆನ್ಸ್ 5,000, ಗ್ಯಾಸ್ 650, ಕಸ 100. ಒಟ್ಟು 7,975. ನೀರು ಬೇರೆ ಅಂದರೆ ಮೇಲೆ 1,600.

ಸೊಸೈಟಿ_ಖಜಾಂಚಿ

ಲೆಕ್ಕ ಸರಿ ಇದೆ. ವಿಜಯನಗರಕ್ಕೆ ಕಾಮನ್ ಮೀಟರಿನ (ಮೋಟಾರ್, ಮೆಟ್ಟಿಲು ದೀಪದ) ಪಾಲು ಬಿಟ್ಟಿದ್ದೀರಿ, 150 ಸೇರಿಸಿ. ಮತ್ತೆ ಫ್ಲ್ಯಾಟಿನವರನ್ನು ಇಂಟರ್ನೆಟ್ ಬಗ್ಗೆ ಒಮ್ಮೆ ಕೇಳಿ. ಎಷ್ಟೋ ಕಡೆ ಒಂದೇ ಕಂಪನಿಗೆ ಒಳಗೆ ಕೇಬಲ್ ಎಳೆಯಲು ಬಿಟ್ಟಿರುತ್ತಾರೆ, ಅವರು ಹೇಳಿದ್ದೇ ದರ. ಜಾಹೀರಾತಿನ ಮೊತ್ತದ ಮೇಲೆ ಶೇ. 18 ಜಿಎಸ್‌ಟಿ ಇರುವುದನ್ನೂ ಸೇರಿಸಿಕೊಳ್ಳಿ.